ಟಿವಿಯೊಳಗಿನ ವಾರಗಿತ್ತಿ

ಈ ಬೀದೀಲಿ ನನ್ನ ಗುದ್ದು ತಿಂದು ಎದ್ದು ನಿಂತೋರು ಒಬ್ಬರೂ ಇಲ್ಲ. ನಗಬೇಡ, ಅರ್ಧ ಸುಳ್ಳು. ತಿಂದೋಳು ಒಬ್ಬಳೇ, ಅವಳೂ ಟಿವಿಯೊಳಗೆ ಇರೋಳು. ಆದರೆ ಗುದ್ದು ನಿಜ ಕಣೇ. ಬೇಕಾದ್ರೆ ಈ ತೋಳು ಮುಟ್ಟಿ ನೋಡು. ಹೋದ ವರ್ಷ ಹಿಂಡದ ಬಟ್ಟೆ ಥರ ಜೋತಾಡ್ತಿತ್ತು. ಈಗ ಇದರ ಮೇಲೆ ಕತ್ತಿ ಮಸೀಬಹುದು.

ಆಟದ ಪೆಟ್ಟಿಗೆ ತಂದೋಳು ನಮ್ಮ ಸೊಸೆ. ಹೆರಿಗೆ ಆದಮೇಲೆ ಸೊಂಟ ಇಳಿಸ್ತೀನಿ ಅಂತ ತಂದ್ಲು. ಅದನ್ನ ಟಿವಿಗೆ ಸಿಕ್ಕಿಸಿ, ಎರಡು ಕೈಗೂ ಒಂದೊಂದು ಹಿಡಿ ಹಿಡ್ಕೊಂಡು, ನಾವಿಲ್ಲಿ ಗಾಳಿಗೆ ಗುದ್ದಿದ್ರೆ ಅಲ್ಲಿ ಒಳಗಿರೋನ ಮೂತಿಗೆ ಬೀಳುತ್ತೆ. ನಾಲ್ಕು ದಿನ ಕುಣಿದ್ಲು. ಆಮೇಲೆ ಪೆಟ್ಟಿಗೆ ಮೇಲೆ ಮಗುವಿನ ಚಡ್ಡಿ ಒಣಗೋಕೆ ಶುರುವಾಯ್ತು.

ಈ ಮುದುಕಿಗ್ಯಾಕೆ ಅದು ಅಂತೀಯಾ? ನನ್ನ ವಾರಗಿತ್ತಿಗೋಸ್ಕರ.

ನಮ್ಮನೆಯವರು ಆಸ್ಪತ್ರೇಲಿ ಮೇಲಿನ ಅಂತಸ್ತಲ್ಲಿ ಮಲಗಿದ್ರು. ಒಂದು ಬೆಳಗ್ಗೆ ಬೇಗ ಬನ್ನಿ ಅಂತ ಫೋನ್ ಬಂತು. ಹೋದ್ರೆ ಲಿಫ್ಟು ಕೆಟ್ಟು ಕೂತಿದೆ. ನಾನಾಗ ಹೆಂಗಿದ್ದೆ ಅಂದ್ರೆ, ಬಾಗಿಲಲ್ಲಿ ನಿಂತ್ರೆ ಹಾಡುಹಗಲಲ್ಲೇ ಮನೆಯೊಳಗೆ ದೀಪ ಹಾಕಬೇಕಿತ್ತು. ಮೆಟ್ಟಿಲು ತಿರುಗೋ ಕಡೆಯೆಲ್ಲ ಕೂತೆ. ವಾರಗಿತ್ತಿ ನನ್ನ ಪಕ್ಕದಲ್ಲೇ ಪುರ್ರಂತ ಹತ್ತಿಹೋದ್ಲು. ಕಡ್ಡಿ ಅವಳು, ಸೀನಿದ್ರೆ ಹಾರೋಗೋಳು. ನಾನು ಗೋಡೆ ಹಿಡ್ಕೊಂಡು ಮೇಲೆ ಮುಟ್ಟೋ ಹೊತ್ತಿಗೆ ಅವರ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ಅದನ್ನೂ ತಡ್ಕೊಂಡೆ. ನೆಂಟರೆಲ್ಲ ಸೇರಿ ಕೂತಿದ್ದಾಗ ಇವಳು ಬಾಯಿ ತೆಗೆದ್ಲು ನೋಡು. "ಅಕ್ಕ ಎರಡು ತುತ್ತು ಕಮ್ಮಿ ತಿಂದಿದ್ರೆ ಭಾವನ ಮುಖ ನೋಡ್ತಿದ್ರು."

ಯಾರೋ ಕೆಮ್ಮಿದ್ರು, ಅಷ್ಟೇ. ಆ ಮಾತು ಮೀನಿನ ಮುಳ್ಳಿನ ಥರ ಗಂಟಲಲ್ಲಿ ಕೂತುಬಿಡ್ತು. ಅವಳಿರೋದೂ ಮೇಲಿನ ಅಂತಸ್ತಲ್ಲೇ, ಆ ಕಟ್ಟಡಕ್ಕೆ ನಮ್ಮದರ ಥರ ಲಿಫ್ಟೂ ಇಲ್ಲ. ಅವತ್ತೇ ಅಂದ್ಕೊಂಡೆ. ಒಂದಲ್ಲ ಒಂದು ದಿನ ಎಲ್ಲೂ ಕೂರದೆ, ಏದುಸಿರು ಬಿಡದೆ ಅವಳ ಬಾಗಿಲಿಗೆ ಹೋಗಿ ನಿಲ್ತೀನಿ. ಅದೇ ಮಾತನ್ನ ಬಡ್ಡಿ ಸಮೇತ ವಾಪಸ್ ಕೊಡ್ತೀನಿ.

ಆಟದಲ್ಲಿ ಎದುರಾಳಿ ಮುಖ ನಮಗೆ ಬೇಕಾದ ಹಾಗೆ ಮಾಡ್ಕೋಬಹುದು ಅಂತ ಸೊಸೆ ತೋರಿಸಿದ್ಲು. ಮಾಡದೆ ಬಿಡ್ತೀನಾ? ಗಿಣಿ ಮೂಗು ಇಟ್ಟೆ. ಚೂಪು ಗದ್ದ, ಗದ್ದದ ಮೇಲೊಂದು ಮಚ್ಚೆ, ದಪ್ಪ ಗಾಜಿನ ಕನ್ನಡಕ. ತುಟಿ ಮಾತ್ರ ಅಲ್ಲಿದ್ದಿದ್ರಲ್ಲೆಲ್ಲ ತೆಳ್ಳಗಿಂದು ಹುಡುಕಿ ಹಾಕಿದೆ, ಅಂಥ ಮಾತು ಅಂಥ ತುಟಿಯಿಂದಾನೇ ಬರೋದು. ಸೊಸೆ ನೋಡಿ, ಅತ್ತೆ, ಇದು ಚಿಕ್ಕತ್ತೆ ಥರ ಇದೆಯಲ್ಲ ಅಂದ್ಲು. ನಿನ್ನ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರಿಗೆ ತೋರಿಸ್ಕೋ ಅಂದೆ.

ಆಟಕ್ಕೆ ಮೂರು ಮಟ್ಟ. ಮೊದಲನೇದ್ರಲ್ಲಿ ಎದುರಿನೋಳು ಹತ್ತಿ ದಿಂಬು, ನೀನು ಕುರ್ಚೀಲಿ ಕೂತು ಆಕಳಿಸ್ತಾ ಗುದ್ದಿದ್ರೂ ಬೀಳ್ತಾಳೆ. ಎರಡನೇದು ಪರವಾಗಿಲ್ಲ. ಮೂರನೇದು ರಾಕ್ಷಸಿ. ಕೂತೋರನ್ನ ಕೂತಲ್ಲೇ ಮುಗಿಸ್ತಾಳೆ. ಎದ್ದು, ಬಗ್ಗಿ, ಪಕ್ಕಕ್ಕೆ ಹಾರಿ ತಪ್ಪಿಸ್ಕೊಂಡ್ರೆ ಮಾತ್ರ ಉಳಿಗಾಲ. ಮೊದಮೊದಲು ನಾನೇ ದಿನಾ ಸಾಯ್ತಿದ್ದೆ. ವಾರಗಿತ್ತಿ ಕೈ ಮೇಲೆತ್ತಿ ಮೆರೆಯೋಳು, ನಾನು ಸೋಫಾದ ಮೇಲೆ ಬಿದ್ದು ಶಾಪ ಹಾಕೋಳು. ದಿನಾ ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಟ ಕೂಡಲೇ ಮಗೂನ ತೊಟ್ಟಿಲಿಗೆ ಹಾಕಿ ಶುರು ಹಚ್ಕೊಳ್ತಿದ್ದೆ. ಕೆಳಗಿನ ಮನೆಯೋರು ಛಾವಣಿ ಬೀಳುತ್ತೆ ಅಂತ ಜಗಳಕ್ಕೆ ಬಂದ್ರು. ಹೂದಾನಿ ಹೋಯ್ತು, ಕನ್ನಡಿ ಹೋಯ್ತು, ನನ್ನ ಹೊಟ್ಟೆಯೂ ಹೋಯ್ತು. ಒಂದಿನ ಮೂರನೇ ಮಟ್ಟದಲ್ಲಿ ಅವಳು ಮೂತಿ ಕೆಳಗಾಗಿ ಬಿದ್ಲು. ಮಗು ಚಪ್ಪಾಳೆ ತಟ್ತು.

ಸೊಸೆ ಮನೇಲಿದ್ದ ದಿನ ಮಗೂನ ಅವಳಿಗೊಪ್ಪಿಸಿ, ಪೆಟ್ಟಿಗೇನ ಚೀಲಕ್ಕೆ ತುಂಬಿ ಹೊರಟೇಬಿಟ್ಟೆ. ಬರೀ ಮಾತಿಗೆ ಮಾತು ಕೊಟ್ರೆ ಸಾಕಾ? ಅವಳ ಮನೇಲಿ, ಅವಳ ಟಿವೀಲಿ, ಅವಳ ಕಣ್ಣೆದುರಿಗೇ ಅವಳನ್ನ ಕೆಡವಬೇಕು. ಮೆಟ್ಟಿಲು ಹತ್ತಿದೆ. ಎಲ್ಲೂ ಕೂರಲಿಲ್ಲ ಕಣೇ. ಬಾಗಿಲು ತೆಗೆದ ಮೈದುನ ನನ್ನ ಬೆನ್ನ ಹಿಂದೆ ಇಣುಕಿ ನೋಡ್ದ, ಯಾರಾದ್ರೂ ಹೊತ್ಕೊಂಡು ಬಂದ್ರೇನೋ ಅಂತ.

ಒಳಗೆ ಅವಳು ಕಿಟಕಿ ಪಕ್ಕ ಕುರ್ಚೀಲಿದ್ಲು. ಮಂಡಿ ಎರಡೂ ಕುಂಬಳಕಾಯಿ. ಕಡ್ಡಿ ಹೋಗಿ ಮೂಟೆ ಆಗಿದ್ಲು. ಚಳಿಗಾಲದಿಂದ ಕೆಳಗೆ ಇಳಿದೇ ಇಲ್ಲವಂತೆ. ನಡೀಬೇಕು ಅಂತ ಡಾಕ್ಟರು ಹೇಳಿದ್ರೂ ನೋವು ಅಂತ ಏಳಲ್ಲವಂತೆ. ಪಕ್ಕದ ತಟ್ಟೇಲಿ ಬಿಸ್ಕತ್ತು.

ಎರಡು ತುತ್ತು ಅನ್ನೋ ಮಾತು ನಾಲಿಗೆ ತುದೀಗೆ ಬಂದಿತ್ತು. ಬಿಸ್ಕತ್ತು ನೋಡಿ ನುಂಗ್ಕೊಂಡೆ. ಮರುಕ ಅಂದ್ಕೋಬೇಡ, ಆಟ ಮೊದಲು ತೋರಿಸೋಣ ಅಂತ.

ಮೈದುನ ವೈರು ಸಿಕ್ಕಿಸ್ದ. ಗಿಣಿ ಮೂಗು, ಮಚ್ಚೆ, ಕನ್ನಡಕ, ಎಲ್ಲಾ ಟಿವಿ ತುಂಬ ಬಂತು. ಅವನು ಒಂದು ಸಲ ಟಿವಿ ನೋಡ್ದ, ಒಂದು ಸಲ ಹೆಂಡ್ತೀನ ನೋಡ್ದ, ಹಾಲು ತರಬೇಕು ಅಂತ ಚಪ್ಪಲಿ ಹಾಕ್ಕೊಂಡ. ನಾನು ಕೆಡವಿದೆ. ಎರಡು ಸಲ ಕೆಡವಿದೆ.

ಅವಳು ಕನ್ನಡಕ ಒರೆಸ್ಕೊಂಡು ನೋಡಿದ್ಲು. "ಅದು ನಾನಾ ಅಕ್ಕ?"

"ನೀನೇ."

"ಅವತ್ತಿನ ಮಾತಿಗಾ?"

"ಅವತ್ತಿನ ಮಾತಿಗೇ."

ಬಿಸ್ಕತ್ತಿನ ತಟ್ಟೇನ ಪಕ್ಕಕ್ಕೆ ಸರಿಸಿದ್ಲು. ಆಮೇಲೆ ಮೆಲ್ಲಗೆ ಅಂದ್ಲು, "ಓಡೋಡಿ ಹತ್ತಿ ಹೋದೋಳು ನಾನು. ಭಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಬಂದ್ಲಾ, ಎಲ್ಲೀವರೆಗೆ ಬಂದ್ಲು, ಮೆಲ್ಲಗೆ ಬರೋಕೆ ಹೇಳು ಅಂತ. ಅದೇ ಅವರ ಕೊನೇ ಮಾತು. ನನಗೆ ಹೊಟ್ಟೆ ಉರೀತು."

ನನಗೆ ಸೇರಬೇಕಾದ ಮಾತು ಕಣೇ ಅದು. ಇಷ್ಟು ವರ್ಷ ನಾನು ಮುಳ್ಳು ನುಂಗ್ತಾ ಇದ್ರೆ, ಇವಳು ಅದನ್ನ ಬಾಯಲ್ಲೇ ಬಚ್ಚಿಟ್ಕೊಂಡು ಬಿಸ್ಕತ್ತು ತಿಂತಿದ್ಲು. ಆ ಟಿವಿ ಎತ್ತಿ ಅವಳ ತಲೆ ಮೇಲೆ ಹಾಕೋಣ ಅನ್ನಿಸ್ತು. ಗೋಡೆಗೆ ಮೊಳೆ ಹೊಡೆದಿದ್ರು, ಬಚಾವಾದ್ಲು.

ಅವಳು ಕೈ ಚಾಚಿದ್ಲು. "ಇದರಲ್ಲಿ ನಿಮ್ಮ ಮುಖ ಮಾಡೋಕೆ ಬರುತ್ತಾ ಅಕ್ಕ? ನಾನೂ ಒಂದು ಕೈ ನೋಡ್ತೀನಿ."

ಮಾಡಿಕೊಟ್ಟೆ. ಎರಡು ಪದರದ ಗದ್ದ, ಬೋಂಡಾ ಮೂಗು, ಮುಂದಿನ ಹಲ್ಲಿಲ್ಲದ ಬಾಯಿ, ಏನೂ ಮುಚ್ಚಿಡಲಿಲ್ಲ. ಹಿಡಿ ಎರಡೂ ಅವಳ ಕೈಗಿಟ್ಟೆ. ಪೆಟ್ಟಿಗೆ ಕೇಳ್ತು, ಯಾವ ಮಟ್ಟ ಅಂತ. ಅವಳಿಗೇನು ಗೊತ್ತು ಮಟ್ಟ ಗಿಟ್ಟ, ಪೆಟ್ಟಿಗೆ ಗುಂಡಿ ಒತ್ತೋಳು ನಾನೇ. ಅವಳು ಕುಂಬಳಕಾಯಿ ಮಂಡಿ ಮುಂದೆ ಚಾಚಿ, ಮುಷ್ಟಿ ಎತ್ತಿ, ತೆಳ್ಳನೆ ತುಟಿ ಕಚ್ಕೊಂಡು ನನ್ನ ಮುಖಾನೇ ದಿಟ್ಟಿಸ್ತಾ ಕೂತಿದ್ಲು.

ಒತ್ತಿದೆ. ಎಷ್ಟನೇದು ಒತ್ತಿದೆ ಅಂತ ನೀನೇ ಹೇಳು, ನೋಡೋಣ.