ಗುರಮ್ಮನ ಬಾಟಲಿ

ಬಾಣಂತಿಯ ಕೋಣೆಯ ಮಾತನ್ನು ಹೊರಗೆ ತರುವುದು ನನ್ನಂಥವನಿಗೆ ಒಪ್ಪುವುದಿಲ್ಲ, ಕ್ಷಮೆಯಿರಲಿ. ನಾನು ಕಣ್ಣಾರೆ ಕಂಡದ್ದೂ ಅಲ್ಲ, ಕೇಳಿದ್ದು. ಆದರೆ ಹೇಳದೆ ಬಿಟ್ಟರೆ ಅದೂ ತಪ್ಪಾದೀತು ಎಂಬ ಅಳುಕು.

೧೯೩೮ರ ಕಾರ್ತಿಕ. ಆಳಂದದ ಎಣ್ಣೆ ವ್ಯಾಪಾರಿ ಕಲ್ಯಾಣಪ್ಪನ ಹೆಂಡತಿ ಗುರಮ್ಮ ಹೆತ್ತು ಇಪ್ಪತ್ತು ದಿನವಾದರೂ ಹೊರಸಿನಿಂದ ಎದ್ದಿರಲಿಲ್ಲ. ಮೈಯಲ್ಲಿ ರಕ್ತವಿಲ್ಲ, ಕೂಸಿಗೆ ಹಾಲಿಲ್ಲ. ಸೊಲ್ಲಾಪುರದ ಡಾಕ್ಟರರೊಬ್ಬರು ತಮ್ಮ ಮನೆಯಲ್ಲಿದ್ದ ಒಂದು ಬಾಟಲಿಯನ್ನೇ ಕೊಟ್ಟು ಕಳಿಸಿದರು. ಆಸ್ಟ್ರೇಲಿಯಾದ ಕೆಂಪು ವೈನು. ಎರಡು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿ, ನೆಲಮಾಳಿಗೆಯಲ್ಲಿ ಹತ್ತು ವರ್ಷ ಮಲಗಿಸಿಟ್ಟದ್ದು. ದಿನಕ್ಕೆ ಎರಡು ಚಮಚ ಎಂದಿದ್ದರು.

ಲಿಂಗ ಕಟ್ಟಿದ ಮನೆಗೆ ಹೆಂಡ-ಸೆರೆ ಬಂದದ್ದು ಅದೇ ಮೊದಲು. ಗುರಮ್ಮ ಎರಡು ದಿನ ಅತ್ತಳು. ಮೂರನೆಯ ದಿನ ಬತ್ತಿದ ಎದೆ ಚೀಪುತ್ತಿದ್ದ ಕೂಸನ್ನು ನೋಡಿ, ಹೂಂ ಅಂದಳು.

"ಪರಮುಲಕದ ಮದ್ದು. ಮೊದಲ ನಾವು ನಾಲಗಿಗೆ ಹಚ್ಚಿ ನೋಡ್ತೇವಿ, ತಡಿ" ಎಂದು ಕಲ್ಯಾಣಪ್ಪ ಬಾಟಲಿ ಹಿಡಿದು ಪಡಸಾಲೆಗೆ ಹೋದ. ಅಲ್ಲಿ ಅವನ ಗೆಳೆಯರಿಬ್ಬರು ಕುಳಿತಿದ್ದರು: ಬಟ್ಟೆ ಅಂಗಡಿಯ ರೇವಣಪ್ಪ, ಹಿರೋಳ್ಳಿಯ ಜಮೀನ್ದಾರ ಚಂದಪ್ಪ. ನಡುವೆ ಇದ್ದದ್ದು ಒಂದೇ ಗೋಡೆ. ಗುರಮ್ಮನಿಗೆ ಎಲ್ಲವೂ ಕೇಳುತ್ತಿತ್ತು.

"ನೇರಳಿಹಣ್ಣು ನೋಡು, ಖರೇನ" ಅಂದ ರೇವಣಪ್ಪ.

"ನಿನ್ನ ನಾಲಗಿಗೆ ಲಕ್ವಾ ಹೊಡದದೇನಲೇ? ಹೊಸಾ ಚಪ್ಪಲಿ ಇದ್ದಂಗದ" ಅಂದ ಚಂದಪ್ಪ.

"ಚಪ್ಪಲಿ ಯಾವಾಗ ನೆಕ್ಕಿದ್ದಿ ಮಾರಾಯಾ?"

ಮೂವರೂ ನಕ್ಕರು.

"ಜಗಳ ಬ್ಯಾಡ, ಇನ್ನೊಂದು ಗುಟುಕು ಹಾಕ್ತೇನಿ. ಸಮ ನೋಡಿ ಹೇಳ್ರಿ" ಅಂದ ಕಲ್ಯಾಣಪ್ಪ.

"ಎರಡು ದ್ರಾಕ್ಷಿ ಅಲ್ಲೇನು? ಒಂದು ತುಟಿಮ್ಯಾಗ ನಗ್ತದ, ಇನ್ನೊಂದು ಗಂಟಲದಾಗ ಕುಂತು ಒಗರು ಮಾತಾಡ್ತದ" ಅಂದ ರೇವಣಪ್ಪ.

"ಹಂಗಲ್ಲೋ! ಹಳೀ ಸಂದೂಕದ ಕಟ್ಟಿಗಿ ವಾಸನಿ ಅದ. ಹಾಕು ಇನ್ನೊಮ್ಮಿ, ತೋರಸ್ತೇನಿ" ಅಂದ ಚಂದಪ್ಪ.

ಗೋಡೆಯಾಚೆ ಗುರಮ್ಮನ ಹಲ್ಲು ಕಟಕಟಿಸಿದವು. ತಾನು ಎರಡು ದಿನ ಅತ್ತು ಒಪ್ಪಿಕೊಂಡ ಪಾಪವನ್ನು ಇವರು ಹಲ್ಲು ಕಿಸಿದು ಕುಡಿಯುತ್ತಿದ್ದಾರೆ! ಕೂಸನ್ನು ಬದಿಗೆ ಮಲಗಿಸಿ, ಗೋಡೆ ಹಿಡಿದು ಎದ್ದಳು. ಬಾಗಿಲಲ್ಲಿ ಬಾಣಂತಿಯನ್ನು ಕಂಡು ಮೂವರೂ ಗಡಬಡಿಸಿ ಎದ್ದರು. ಬಾಟಲಿಯ ತಳದಲ್ಲಿ ಕೆಸರಿನಂಥ ಗಸಿಯಷ್ಟೇ ಉಳಿದಿತ್ತು.

"ಗಸಿ ಅದ ಅದು, ಬ್ಯಾಡ" ಅಂದ ಕಲ್ಯಾಣಪ್ಪ.

"ಯಾಕ? ಎಲ್ಲಾರ ನಾಲಗೀನೂ ಆತಲ್ಲ, ನಂದೊಂದು ಉಳದದ" ಎಂದು ಗುರಮ್ಮ ಬಾಟಲಿ ಎತ್ತಿ ಬಾಯಿಗೆ ಸುರಿದುಕೊಂಡಳು. ಆಮೇಲೆ ನೆಲಕ್ಕೆ ಉಗುಳಿದಳು. "ನೇರಳಿನೂ ಅಲ್ಲ, ಚಪ್ಪಲಿನೂ ಅಲ್ಲ. ಗಂಡಸರ ಎಂಜಲ! ನಡೀರಿ, ನಿಮ್ಮ ನಿಮ್ಮ ಮನ್ಯಾಗ ಹೆಂಡ್ತಿ ಹಾಸಗಿ ಹಿಡದಾಗ ಅಕಿ ಮದ್ದು ಕುಡೀರಿ ಹೋಗ್ರಿ!"

ಗೆಳೆಯರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಕಲ್ಯಾಣಪ್ಪ ಮರುದಿನವೇ ಸೊಲ್ಲಾಪುರಕ್ಕೆ ಹೋದ. ಡಾಕ್ಟರರ ಬಳಿ ಇದ್ದದ್ದು ಅದೊಂದೇ ಬಾಟಲಿ.

ಆ ಚಳಿಗಾಲವಿಡೀ ನೆರೆಮನೆಯ ಪ್ಯಾರಿಬಿ ಕೂಸಿಗೆ ತನ್ನ ಹಾಲು ಕೊಟ್ಟಳು, ಕೂಸು ಉಳಿಯಿತು. ಗುರಮ್ಮ ಯುಗಾದಿಯವರೆಗೆ ಹೊರಸು ಬಿಡಲಿಲ್ಲ, ಗಂಡನೊಂದಿಗೆ ಮಾತನ್ನೂ ಆಡಲಿಲ್ಲ. ಬಾಟಲಿ ಪೂರ್ತಿ ಅವಳಿಗೇ ಸಿಕ್ಕಿದ್ದರೆ ಅವಳಿಗೆ ಹಾಲು ಬರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.