ಅರವತ್ತೆರಡು ಕಿಲೋಗೆ ಒಂದು ಹಲಗೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ನನಗಿನ್ನೂ ಗೊತ್ತಾಗಿಲ್ಲ. ಮೂರು ಸಲ ಶುರು ಮಾಡಿದೆ. ಮೂರೂ ಸಲ ನಾರಾಯಣಪೇಟೆಯಿಂದ ಮಕ್ತಲ್‌ಗೆ ವಾಟ್ಸಾಪ್ ಮಾಡಿದೆ. ಮೂರೂ ಸಲ ರಜಿನಿಯ ಫೋನು ಬಂತು.

ಮೊದಲ ಸಲ ‘ಕೃಷ್ಣೆಯ ಮೇಲೆ ಮುಂಗಾರಿನ ಗಾಳಿ ಹಾಡುತ್ತಿತ್ತು’ ಎಂದು ಬರೆದಿದ್ದೆ. “ಗಾಳಿ ಹಾಡಂಗಿಲ್ರಿ ಸಾರ, ಎಳೀತೈತಿ,” ಅಂದಳು. ಎರಡನೇ ಸಲ ಅವಳ ಬಾಲ್ಯದಿಂದ ಹಿಡಿದೆ. “ಅಷ್ಟ ಹಿಂದಕ ಯಾಕ ಹೋದ್ರಿ? ವಾಪಸ್ ಬರೂದ್ರಾಗ ಓದೋರು ಮಲಗ್ತಾರ.” ಮೂರನೆಯದರಲ್ಲಿ ಒಂದು ಕನಸಿತ್ತು. ಅದರ ಮಾತು ಬೇಡ.

ಆದ್ದರಿಂದ ನೆಟ್ಟಗೆ ಹೇಳುತ್ತೇನೆ. ರಜಿನಿಗೆ ನಲವತ್ತೊಂದು. ಮಕ್ತಲ್‌ನ ಸಬ್‌ಸ್ಟೇಷನ್ನಿನಲ್ಲಿ ಕರೆಂಟು ಹೋದವರ ಫೋನು ಎತ್ತಿಕೊಂಡು, ಊರು, ಗಲ್ಲಿ ಬರೆದುಕೊಳ್ಳುವ ಕೆಲಸ. ಅದಕ್ಕೂ ಮೊದಲು ಅವಳು ಕಂಬ ಏರುತ್ತಿದ್ದಳು. ಸಂಕ್ರಾಂತಿಯಲ್ಲಿ ತಂತಿಗೆ ಸಿಕ್ಕ ಗಾಳಿಪಟ ಬಿಡಿಸಲು ಜನ ಬೇರೆಯವರನ್ನು ಕರೆಯುತ್ತಲೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ, ಮಳೆಯಲ್ಲಿ ನೆಂದ ಕಂಬದಿಂದ ಇಳಿಯುವಾಗ ಕಾಲು ಜಾರಿತು. ನೆಲಕ್ಕೆ ಇನ್ನು ಏಳೆಂಟು ಅಡಿ ಇತ್ತು, ಅಷ್ಟೆ. ಬಲ ಮೊಣಕಾಲು ಮೊದಲಿನ ಹಾಗಾಗಲಿಲ್ಲ. ಅವಳಿಗೆ ಕುರ್ಚಿ ಕೊಟ್ಟರು.

(ನಮಗೆ ಪರಿಚಯವಾದದ್ದೂ ಕಂಬದಿಂದಲೇ. ಅವಳು ನಮ್ಮ ಮನೆಯ ಮುಂದಿನ ಕಂಬದ ಮೇಲಿದ್ದಳು. ನಾನು ಕೆಳಗೆ ನಿಂತು ಅನಗತ್ಯ ಸಲಹೆ ಕೊಡುತ್ತಿದ್ದೆ. ಈಗಲೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೇನೆ.)

೨

ಕಳೆದ ಜೂನ್‌ನಲ್ಲಿ ಗಂಡನ ಬೈಕಿನ ಹಿಂದೆ ಕೂತು ಗದ್ವಾಲದಿಂದ ಮನೆಗೆ ಬರುತ್ತಿದ್ದಳು. ಜೂರಾಲ ಡ್ಯಾಮಿನ ಹಿನ್ನೀರಿನ ಮೇಲೆ ಆಕಾಶದಲ್ಲಿ ಒಂದು ಹಳದಿ ಗಾಳಿಪಟ ಕಂಡಿತು. ಒಂದು ಕೋಣೆಯಷ್ಟು ದೊಡ್ಡದು. ಅದರ ಕೆಳಗೆ, ಸೊಂಟಕ್ಕೆ ದಾರ ಸಿಕ್ಕಿಸಿಕೊಂಡು, ಕಾಲಿಗೆ ಹಲಗೆ ಕಟ್ಟಿಕೊಂಡು ಒಬ್ಬ ಹುಡುಗಿ ನೀರ ಮೇಲೆ ಓಡುತ್ತಿದ್ದಳು.

“ನಿಲ್ಲಸ್ರಿ,” ಅಂದಳು ರಜಿನಿ.

ಕಾಂತೇಶ ನಿಲ್ಲಿಸಿದ. ಮಕ್ತಲ್‌ನಲ್ಲಿ ಹತ್ತಿ ಖರೀದಿಯ ಅಂಗಡಿ ನಡೆಸುವ ಮಿತಭಾಷಿ ಮನುಷ್ಯ. ರಜಿನಿ ಮೊದಲು ನೋಡಿದ್ದು ಹುಡುಗಿಯನ್ನಲ್ಲ, ಸುತ್ತಲೂ ಎಲ್ಲಾದರೂ ಕರೆಂಟಿನ ಲೈನ್ ಇದೆಯೋ ಎಂದು. ಇರಲಿಲ್ಲ. ಆಮೇಲೆ ದಡಕ್ಕೆ ಇಳಿದಳು.

ಆ ಹುಡುಗಿ ಪದ್ಮಶ್ರೀ, ಗದ್ವಾಲದವಳು. ತಮಿಳುನಾಡಿನ ಕರಾವಳಿಯಲ್ಲಿ ಈ ಆಟ ಕಲಿತು, ಮುಂಗಾರು ಗಾಳಿ ಇರುವಷ್ಟು ದಿನ ಇಲ್ಲಿ ಮೂರು ನಾಲ್ಕು ಜನಕ್ಕೆ ಕಲಿಸುತ್ತಿದ್ದಳು. ಡ್ಯಾಮಿನಿಂದ ಬಹಳ ದೂರದಲ್ಲಿ, ಗಾಳಿ ದಡದ ಕಡೆಗೇ ತಳ್ಳುವಂಥ ಜಾಗ ಹುಡುಕಿಕೊಂಡಿದ್ದಳು.

“ನನಗ ಬರ್ತದೇನು ಇದು?” ರಜಿನಿ ಕೇಳಿದಳು.

“ಈಜು ಬರ್ತದೇನಕ್ಕಾ?”

“ಬರ್ತದ.”

“ಹಂಗಾದ್ರ ಐತ್ವಾರ ಬರ್ರಿ.”

ಮೂರು ಭಾನುವಾರ ದಡದಲ್ಲಿ ನಿಂತು ಗಾಳಿಪಟ ಹಿಡಿಯುವುದನ್ನು, ಹಲಗೆ ಇಲ್ಲದೆ ನೀರಿನಲ್ಲಿ ಎಳೆಸಿಕೊಳ್ಳುವುದನ್ನು ಕಲಿತಳು. ಕಾಂತೇಶ ಪ್ರತಿ ಸಲ ಕರೆದುಕೊಂಡು ಬರುತ್ತಿದ್ದ. ದಡಕ್ಕೆ ಮಾತ್ರ ಬರುತ್ತಿರಲಿಲ್ಲ, ರಸ್ತೆಯ ಚಹಾದ ಹೋಟೆಲಿನಲ್ಲಿ ಕೂರುತ್ತಿದ್ದ.

೩

ನಾಲ್ಕನೇ ಭಾನುವಾರ ಹಲಗೆ ಆರಿಸುವ ದಿನ. ಪದ್ಮಶ್ರೀ ಎರಡನ್ನು ತಂದಿದ್ದಳು, ಎರಡೂ ಅವಳ ಹಳೆಯ ಶಿಷ್ಯರವು. ಒಂದು ಕೆಂಪು: ಸಪೂರ, ಬಿರುಸು, ತುದಿಗಳು ಮೇಲಕ್ಕೆ ಬಾಗಿದ್ದವು. ಇನ್ನೊಂದು ಬೂದಿ ಬಣ್ಣದ್ದು: ಉದ್ದ, ಅಗಲ, ಚಪ್ಪಟೆ. ನಿಂತರೆ ಸ್ವಲ್ಪ ಬಗ್ಗುತ್ತಿತ್ತು.

“ಹೊಸದಾಗಿ ಕಲಿಯೋರಿಗೆ ಅಗಲಂದು ಚಲೋ. ಲಗೂನ ತೇಲ್ತೈತಿ, ಬಿದ್ರೂ ಸಿಟ್ಟಾಗಂಗಿಲ್ಲ. ಆದ್ರ ತೂಕದ ಮ್ಯಾಲ ಐತಿ. ನಿಮ್ಮ ತೂಕ ಎಷ್ಟಕ್ಕಾ?”

“ಅರವತ್ತೆರಡು.”

ಪದ್ಮಶ್ರೀ ಅವಳನ್ನೊಮ್ಮೆ ನೋಡಿದಳು. ಹಿರಿಯಳು, ಏನನ್ನುವುದು? “ಅರವತ್ತೆರಡಕ್ಕಾದ್ರ ಕೆಂಪಂದೂ ನಡೀತೈತಿ. ನೋಡ್ರಿ ಒಮ್ಮೆ.”

ರಜಿನಿ ಕೆಂಪನ್ನು ಎತ್ತಿಕೊಂಡಳು.

(ಇಲ್ಲಿ ನಾನು ಒಂದು ಪ್ಯಾರಾ ಬರೆದಿದ್ದೆ. ಹೆಂಗಸರು ಮತ್ತು ತೂಕ, ಹೆಂಗಸರು ಮತ್ತು ವಯಸ್ಸು, ಹೀಗೆ. ಬಹಳ ತಮಾಷೆಯಾಗಿ ಬಂದಿದೆ ಅಂದುಕೊಂಡು ನಾನೇ ಎರಡು ಸಲ ಓದಿ ನಕ್ಕಿದ್ದೆ. ಆ ಸಲ ರಜಿನಿ ಫೋನು ಮಾಡಲಿಲ್ಲ. ಒಂದು ವಾರ ಮಾತೇ ಇಲ್ಲ. ನಾನೇ ಮಾಡಿದೆ.

“ನೀವು ಏನ್ ಬರದೀರಿ ಸಾರ? ನಾ ಸುಳ್ಳ ಹೇಳಿದೆ ಅಂತೇನು?”

“ಮತ್ತೆ ಅರವತ್ತೆರಡು ಅಲ್ಲವಲ್ಲ?”

“ಕಂಬ ಏರ್ತಿದ್ದಾಗ ಅಷ್ಟ ಇದ್ದೆ. ಬೀಳೂಕಿಂತ ಮುಂಚೆ ಮೆಡಿಕಲ್ ಟೆಸ್ಟಿನ್ಯಾಗ ತೂಗಿದ್ದು. ಆಮ್ಯಾಲ ನಾ ತೂಗೇ ಇಲ್ಲ. ಯಾರರ ಕೇಳಿದ್ರ ಅದ ಬಾಯಾಗ ಬರ್ತದ.”

ಆ ಪ್ಯಾರಾ ಹೊಡೆದು ಹಾಕಿದ್ದೇನೆ. ನೀವು ಅದನ್ನು ಓದದಿರುವುದೇ ಒಳ್ಳೆಯದಾಯಿತು.)

೪

ಕೆಂಪು ಹಲಗೆ ಅವಳನ್ನು ಹೊರಲಿಲ್ಲ. ಗಾಳಿಪಟ ಎಳೆದಾಗ ಎದ್ದು ನಿಂತಂತಾಗುವುದು, ಎರಡು ಎಣಿಸುವಷ್ಟರಲ್ಲಿ ಹಿಮ್ಮಡಿಯ ಕಡೆ ಮುಳುಗುವುದು. ಮತ್ತೆ ಏಳುವುದು, ಮತ್ತೆ ಮುಳುಗುವುದು. ಪ್ರತಿ ಸಲವೂ ಗಾಳಿ ಅವಳನ್ನು ಇಪ್ಪತ್ತು ಮೂವತ್ತು ಮಾರು ಮುಂದಕ್ಕೆ ಒಯ್ಯುತ್ತಿತ್ತು. ಈ ಆಟದಲ್ಲಿ ಗಾಳಿ ಬೀಸಿದ ದಿಕ್ಕಿಗೆ ಹೋಗುವುದಕ್ಕೆ ಏನೂ ಕಲಿಯಬೇಕಾಗಿಲ್ಲ. ಹೊರಟ ಜಾಗಕ್ಕೆ ವಾಪಸ್ ಬರುವುದೇ ವಿದ್ಯೆ. ಕೊನೆಗೆ ಕಾಲಿಗೆ ಕೆಸರು ತಗುಲಿ ಅವಳು ಎದ್ದು ನಿಂತಾಗ ಪದ್ಮಶ್ರೀ ದೂರದಲ್ಲೊಂದು ಚುಕ್ಕೆಯಾಗಿದ್ದಳು.

ಗಾಳಿಪಟ ಇಳಿಸಿ, ಸುತ್ತಿ ಹೆಗಲಿಗೆ ಹಾಕಿಕೊಂಡು, ಹಲಗೆ ಕಂಕುಳಲ್ಲಿಟ್ಟು ಭತ್ತದ ಗದ್ದೆಗಳ ಬದುವಿನ ಮೇಲೆ ನಡೆಯತೊಡಗಿದಳು. ಮೊಣಕಾಲು ಹಿಡಿದುಕೊಂಡಿತ್ತು. ನಾಟಿ ಹಾಕುತ್ತಿದ್ದ ಹೆಂಗಸರು ಬೆನ್ನೆತ್ತಿ ನೋಡಿದರು. ಅವರಲ್ಲಿ ಹಿರಿಯಳು, ಧರೂರಿನ ಅನಂತಮ್ಮ, ಕೂಗಿದಳು.

“ಏಮ್ಮಾ! ಯಾರ ಮನಿ ಬಾಗಲಾ ಕಿತ್ಕೊಂಡ ಹೊಂಟಿ?”

ರಜಿನಿಗೆ ನಗು ಬಂತು. ಬದುವಿನ ಮೇಲೆ ಕೂತಳು. ಅನಂತಮ್ಮ ಕುಡಿಯಲು ನೀರು ಕೊಟ್ಟಳು. ಹಲಗೆ ಯಾತಕ್ಕೆ ಎಂದು ಕೇಳಿದಳು, ನೀರ ಮೇಲೆ ನಿಲ್ಲುವುದಕ್ಕೆ ಅಂದಾಗ ನಂಬಲಿಲ್ಲ. “ಇದರ ಮ್ಯಾಲ? ನೀ? ತಾ ಇಲ್ಲಿ.”

ಹಲಗೆಯನ್ನು ಗದ್ದೆಯ ನೀರಿಗಿಟ್ಟು, ಭತ್ತದ ಸಸಿಯ ನಾಲ್ಕು ಕಟ್ಟು ಅದರ ಮೇಲೇರಿಸಿ ತಳ್ಳಿದಳು. ಹಲಗೆಯ ಮೂಗು ಕೆಸರಿಗೆ ಹೊಕ್ಕು ಕಟ್ಟುಗಳೆಲ್ಲ ಪಲ್ಟಿ ಹೊಡೆದವು. ಹೆಂಗಸರು ಕೇಕೆ ಹಾಕಿ ನಕ್ಕರು.

“ಸಣ್ಣದಾತವ್ವಾ,” ಅಂದಳು ಅನಂತಮ್ಮ, ಕಟ್ಟುಗಳನ್ನು ಎತ್ತಿಕೊಳ್ಳುತ್ತಾ. “ನಾಕ ಕಟ್ಟ ತಡಿಯಂಗಿಲ್ಲ, ನಿನ್ನೇನ ತಡೀತೈತಿ? ಇದಕ್ಕಿಂತ ಅಗಲಂದು ಇರಲಿಲ್ಲೇನು?”

“ಇತ್ತು.”

“ಮತ್ತ?”

ರಜಿನಿ ಹಲಗೆಯ ಕೆಸರು ತೊಳೆದು ಮತ್ತೆ ಕಂಕುಳಲ್ಲಿಟ್ಟುಕೊಂಡಳು. ಪದ್ಮಶ್ರೀ ಇದ್ದಲ್ಲಿಗೆ ನಡೆದು ಹೋಗಲು ಮುಕ್ಕಾಲು ಗಂಟೆ ಬೇಕಾಯಿತು.

(ಅನಂತಮ್ಮನ ಬಾಯಲ್ಲಿ ಇಲ್ಲಿ ಒಂದು ದೊಡ್ಡ ಮಾತು ಹೇಳಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಅವಳಿಗೆ ಸಂಜೆಯೊಳಗೆ ಇನ್ನೂ ಅರ್ಧ ಎಕರೆ ನಾಟಿ ಮುಗಿಸಬೇಕಿತ್ತು.)

೫

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಅವಳು ಗಂಡನ ಅಂಗಡಿಗೆ ಹೋದಳು. ಹತ್ತಿ ಚೀಲ ತೂಗುವ ಕಬ್ಬಿಣದ ಕಾಂಟಾದ ಮೇಲೆ ಚಪ್ಪಲಿ ಬಿಟ್ಟು ಹತ್ತಿ ನಿಂತಳು.

“ನೋಡ್ರಿ ಎಷ್ಟದ.”

ಕಾಂತೇಶ ಕನ್ನಡಕ ಹಾಕಿಕೊಂಡು ನೋಡಿದ. “ಎಪ್ಪತ್ನಾಕು.” ಆಮೇಲೆ, ವ್ಯಾಪಾರದ ಗಾಂಭೀರ್ಯದಲ್ಲೇ, “ಖಾಲಿ ಚೀಲದ ತೂಕ ಕಳೀಲೇನು?”

ಅವಳು ನಕ್ಕಳು. ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು. ಕಾಂತೇಶ ಗಾಬರಿಯಾಗಿ ಅತ್ತಿತ್ತ ನೋಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಏನಾತು ಈಗ? ನಾ ಚ್ಯಾಷ್ಟಿ ಮಾಡಿದೆ.”

“ಏನಿಲ್ರಿ,” ಅಂದಳು. “ನಾ ಇನ್ನ ಕಂಬ ಏರಂಗಿಲ್ಲ.”

ನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳು ಒಂದು ಸಲವೂ ಆಡಿರಲಿಲ್ಲ. ವರ್ಷಕ್ಕೊಮ್ಮೆ ಆಫೀಸಿನವರು ಕೇಳಿದಾಗ ‘ಕಾಲು ಸುಧಾರಿಸಾಕತ್ತದ’ ಅನ್ನುತ್ತಿದ್ದಳು. ಕಾಂತೇಶ ಕಾಂಟಾದಿಂದ ಇಳಿಯಲು ಕೈ ಕೊಟ್ಟ. ಅವಳು ಹಿಡಿದುಕೊಂಡು ಇಳಿದಳು. ಅಂಗಡಿಯ ಹೊರಗೆ ಬಂದು ಪದ್ಮಶ್ರೀಗೆ ಫೋನು ಮಾಡಿ, ಎಪ್ಪತ್ನಾಲ್ಕು, ಬೂದಿ ಬಣ್ಣದ್ದು ನನಗೇ ಇಡು ಅಂದಳು.

“ನಂಗ ಗೊತ್ತಿತ್ರಿ ಅಕ್ಕಾ,” ಅಂದಳು ಪದ್ಮಶ್ರೀ.

“ಮತ್ತ ಯಾಕ ಹೇಳಲಿಲ್ಲ?”

“ನೀವು ಅಷ್ಟ ಖಾತ್ರಿಲೆ ಹೇಳಿದ್ರಲ್ಲಾ.”

೬

ಮುಗಿಸುವ ಬಗ್ಗೆ. ನನ್ನ ಹತ್ತಿರ ಎರಡು ಕೊನೆಗಳಿದ್ದವು. ಒಂದರಲ್ಲಿ ರಜಿನಿ ಬೂದಿ ಹಲಗೆಯ ಮೇಲೆ ನದಿ ದಾಟಿ ಆಚೆ ದಡಕ್ಕೆ ಹೋಗುತ್ತಾಳೆ. (“ಆಚೀಕಡೆ ನಂದೇನ ಕೆಲಸ?”) ಇನ್ನೊಂದರಲ್ಲಿ ಕಾಂತೇಶನೂ ಈ ಆಟ ಕಲಿಯುತ್ತಾನೆ. (“ಅವರಿಗೆ ತೋರಸ್ಲೇನು ಇದನ್ನ? ನಗ್ತಾರ.”) ಎರಡನ್ನೂ ಬಿಟ್ಟು, ಆದದ್ದನ್ನು ಹೇಳುತ್ತೇನೆ.

ಐದನೇ ಭಾನುವಾರ ಉಳಿದ ಶಿಷ್ಯರು ಬರಲಿಲ್ಲ. ಗಾಳಿಪಟ ಏರಬೇಕಾದರೆ ಒಬ್ಬರು ಅದರ ಅಂಚು ಹಿಡಿದು ನಿಲ್ಲಬೇಕು, ಹಾರಿಸುವವರು ಹೆಬ್ಬೆರಳು ತೋರಿಸಿದಾಗ ಬಿಡಬೇಕು. ಪದ್ಮಶ್ರೀ ರಜಿನಿಯ ಪಕ್ಕದಲ್ಲೇ ಇರಬೇಕಿತ್ತು. ಹೀಗಾಗಿ ಅವಳು ಹೋಟೆಲಿಗೆ ಹೋಗಿ ಕಾಂತೇಶನನ್ನು ಎಬ್ಬಿಸಿಕೊಂಡು ಬಂದಳು.

ಅವನು ಹೆಂಡತಿ ಕಂಬ ಏರುವುದನ್ನು ಒಂದು ದಿನವೂ ನೋಡಿದವನಲ್ಲ. ನೋಡಲಾಗುತ್ತಿರಲಿಲ್ಲ. ಈಗ ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ನಿಂತು ಎರಡು ಕೈಯಲ್ಲೂ ಅಂಚು ಹಿಡಿದ. ಬಟ್ಟೆ ಗಾಳಿ ತುಂಬಿಕೊಂಡು ಬಿರುಸಾಯಿತು. ಇಪ್ಪತ್ತು ಮೀಟರ್ ದೂರದಲ್ಲಿ ರಜಿನಿ ಹೆಬ್ಬೆರಳು ಎತ್ತಿದಳು.

ಕಾಂತೇಶ ಬಿಡಲಿಲ್ಲ.

“ಬಿಡ್ರೀ!” ಪದ್ಮಶ್ರೀ ಕೂಗಿದಳು.

“ಬಿಡ್ಲಾ?” ಅವನು ಕೇಳಿದ್ದು ಪದ್ಮಶ್ರೀಯನ್ನಲ್ಲ.

ರಜಿನಿ ಕೂಗಲಿಲ್ಲ. ಎತ್ತಿದ ಹೆಬ್ಬೆರಳನ್ನು ಹಾಗೇ ಹಿಡಿದು ನಿಂತಳು, ಅವನು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ ಅನ್ನುವ ಹಾಗೆ. ಅವನು ಕೈ ಬಿಟ್ಟ. ಹಳದಿ ಗಾಳಿಪಟ ಒಂದೇ ಉಸಿರಿಗೆ ಮೇಲೆ ಹೋಯಿತು.

ಅವಳು ಎಷ್ಟು ದೂರ ಹೋದಳು ಅನ್ನುವುದರಲ್ಲಿ ಮೂರು ಪಾಠಾಂತರಗಳಿವೆ. ನಲವತ್ತು ಮೀಟರ್ ಅನ್ನುತ್ತಾಳೆ ಪದ್ಮಶ್ರೀ. ನೀರಿನ ನಡುವೆ ನಿಂತ ಒಣ ಜಾಲಿಮರದ ತನಕ ಅನ್ನುತ್ತಾನೆ ಕಾಂತೇಶ. ನಾನು ಹೋಗಿ ನೋಡಿದೆ, ಅದು ಇನ್ನೂರಕ್ಕೂ ಹೆಚ್ಚಿದೆ. “ನಾ ಅಳೀಲಿಲ್ರಿ,” ಅನ್ನುತ್ತಾಳೆ ರಜಿನಿ. ಬಿದ್ದಳು ಅನ್ನುವುದರಲ್ಲಿ ಮೂವರಿಗೂ ಒಮ್ಮತವಿದೆ.

ಇಲ್ಲಿಗೆ ಸಾಕು, ಚೆನ್ನಾಗಿದೆ ಅಂದುಕೊಂಡು ಕಳಿಸಿದೆ. ಫೋನು ಬಂತು.

“ಕೆಳಗ ‘ಮುಗಿಯಿತು’ ಅಂತ ಬರದೀರಲ್ಲ ಸಾರ, ಅದನ್ನ ತಗೀರಿ.”

“ಯಾಕೆ? ಹಲಗೆ ಆರಿಸಿದ್ದಾಯಿತು, ನಿಂತದ್ದಾಯಿತು.”

“ಬಲಕ್ಕ ಹೋಗೂದು ಬಂದದ. ಎಡಕ್ಕ ಹೋಗೂಮುಂದ ಭಾರೆಲ್ಲಾ ಬಲಗಾಲಿನ ಮ್ಯಾಲ ಬೀಳ್ತದ, ಅದು ಇನ್ನ ಬಂದಿಲ್ಲ. ಹೋದಷ್ಟೂ ನಡಕೊಂಡ ವಾಪಸ್ ಬರಾಕತ್ತೀನಿ.” ಫೋನಿನಲ್ಲಿ ಗಾಳಿಯ ಸದ್ದು. ಆಗಲೇ ದಡದಲ್ಲಿದ್ದಳೆಂದು ಕಾಣುತ್ತದೆ. “ನೀವು ಅಲ್ಲೀತನ ತಡ್ಕೋರಿ.”

ತೆಗೆದಿದ್ದೇನೆ.