ನಲವತ್ತು ದಿನದ ಭರಣಿ

ಮಳೆಗಾಲ ಮುಗಿಯುವ ಹೊತ್ತಿಗೆ ಬೇಕರಿಗೆ ಬಂದ ಮೊದಲ ನೊಣ ಕಣ್ಣಿಗೆ ಬಿದ್ದದ್ದು ಅತ್ತೆಗೆ. ಅದು ಬೆಣ್ಣೆ ಬಿಸ್ಕತ್ತಿನ ಗಾಜಿನ ಮೇಲೆ ಕೂತು ನಿಶ್ಚಿಂತೆಯಿಂದ ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ಒಮ್ಮೆ ಬೀಸಿದ್ದರೆ ಅದು ಹೊರಗೆ ಹಾರಿಹೋಗುತ್ತಿತ್ತು, ಮಾತೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಅದಕ್ಕೆ ಅವಕಾಶ ಕೊಡಲಿಲ್ಲ. ಮೂರು ತಿಂಗಳಿನಿಂದ ಇಂಥದೊಂದು ನೊಣಕ್ಕೇ ಕಾದಿದ್ದವರಂತೆ ಕೋಲೂರಿ ಕುರ್ಚಿಯಿಂದ ಎದ್ದರು.

ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ ಮೇಲೆ ಅತ್ತೆ ಮಗನ ಮನೆಗೆ ಬಂದಿದ್ದರು. ಮನೆ ಹಿಂದೆ, ಬೇಕರಿ ಮುಂದೆ. ಇಪ್ಪತ್ತು ಜನರ ಅಡುಗೆಯನ್ನು ಒಬ್ಬರೇ ನಿಭಾಯಿಸಿದ ಹೆಂಗಸು ಅವರು. ಇಲ್ಲಿ ಹಿಟ್ಟು ನಾದುವುದು ಯಂತ್ರ, ಒಲೆ ನೋಡಿಕೊಳ್ಳುವುದು ಮಗ, ಗಿರಾಕಿಗಳನ್ನು ನೋಡಿಕೊಳ್ಳುವುದು ಸೊಸೆ. ಅತ್ತೆ ಯಾವುದಕ್ಕೆ ಕೈ ಚಾಚಿದರೂ ಸೊಸೆ, "ನೀವು ಕೂತ್ಕೊಳ್ಳಿ ಅತ್ತೆ" ಅನ್ನುತ್ತಿದ್ದಳು. ಪ್ರೀತಿಯಿಂದಲೇ ಅನ್ನುತ್ತಿದ್ದಳು. ಆದರೆ ದಿನಕ್ಕೆ ಹತ್ತು ಸಲ ಕೂತ್ಕೊಳ್ಳಿ ಅನ್ನಿಸಿಕೊಂಡ ಮನುಷ್ಯರಿಗೆ ತಾವು ಯಾರೋ ಇಳಿಸಿಹೋದ ಗಂಟುಮೂಟೆ ಅನ್ನಿಸತೊಡಗುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

"ಒಂದು ಬಂತು ಅಂದ್ರೆ ಅದರ ಹಿಂದೆ ಬಳಗ ಇದೆ ಅಂತ ತಿಳ್ಕೊ" ಅಂದರು ಅತ್ತೆ. "ನಮ್ಮ ತವರಲ್ಲಿ ಒಂದೇ ಒಂದು ನೊಣ ಇರ್ಲಿಲ್ಲ. ನಮ್ಮಜ್ಜಿ ಸಿಪ್ಪೆ ಭರಣಿ ಇಡ್ತಿದ್ರು."

"ಹಾಗಂದ್ರೆ?"

"ಕಿತ್ತಳೆ ಸಿಪ್ಪೆ, ನಿಂಬೆ ಸಿಪ್ಪೆ, ಲವಂಗ, ನೀರು, ಎರಡು ಹಿಡಿ ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ನಲವತ್ತು ದಿನ ಬೆಚ್ಚಗೆ ಇಡೋದು. ಆಮೇಲೆ ಆ ನೀರು ಚಿಮುಕಿಸಿದ್ರೆ ನೊಣ ಆ ಬೀದಿಗೇ ಕಾಲಿಡಲ್ಲ."

"ಸಕ್ಕರೆ ಯಾಕೆ ಅತ್ತೆ?"

"ಹಣ್ಣಾಗೋಕೆ" ಅಂದರು ಅತ್ತೆ, ಇನ್ನು ಪ್ರಶ್ನೆ ಬೇಡ ಎಂಬ ಧ್ವನಿಯಲ್ಲಿ.

ಸೊಸೆ ಅವರ ಮುಖ ನೋಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಆ ಕಣ್ಣಲ್ಲಿ ಹೊಳಪು ಬಂದಿತ್ತು. ತಾನೇ ಅಟ್ಟದಿಂದ ದೊಡ್ಡ ಭರಣಿ ಇಳಿಸಿ, ತೊಳೆದು, ಒರೆಸಿ ಕೊಟ್ಟಳು. ಅತ್ತೆ ಅದನ್ನು ಒಲೆಕೋಣೆಯ ಹಿಂದಿನ ಉಗ್ರಾಣದಲ್ಲಿ, ಮೈದಾ ಚೀಲಗಳ ಮರೆಯಲ್ಲಿ, ಎಂದೂ ಬಿಸಿ ಆರದ ಗೋಡೆಗೆ ಒರಗಿಸಿ ಇಟ್ಟರು.

ಹತ್ತನೆಯ ದಿನ ಆರೋಗ್ಯ ಕಚೇರಿಯಿಂದ ತಪಾಸಣೆ ಸಾಹೇಬರು ಬಂದರು. ತೆಳ್ಳಗೆ, ಎತ್ತರಕ್ಕೆ, ಸದಾ ಏನನ್ನೋ ಮೂಸುತ್ತಿರುವಂಥ ಮುಖ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಪೆನ್ನಿನ ತುದಿಯಿಂದ ಎಣಿಸಿದರು.

"ಒಂದು, ಎರಡು. ಅದೋ ಅಲ್ಲಿ ಮೂರನೇದು. ಮೂರು ನೊಣ ಅಂತ ಬರೀತಿದೀನಿ ನೋಡಿ. ಹದಿನೈದು ದಿನ ಬಿಟ್ಟು ಶುಕ್ರವಾರ ಬರ್ತೀನಿ. ಆಗಲೂ ಇದ್ರೆ ಲೈಸೆನ್ಸ್ ರದ್ದು. ಬಾಗಿಲು ಹಾಕ್ಬೇಕಾಗುತ್ತೆ."

ಸೊಸೆ ಬಟ್ಟೆ ಬೀಸಿ ಆ ಮೂರನ್ನೂ ಓಡಿಸಿದಳು. ಆ ಬೇಕರಿ ಅವಳು, ಅವಳ ಗಂಡ ಇಬ್ಬರೂ ಹನ್ನೊಂದು ವರ್ಷ ನಸುಕಿಗೇ ಎದ್ದು ಕಟ್ಟಿದ್ದು. ಬೇರೆ ಕೆಲಸ ಇಬ್ಬರಿಗೂ ಬರುತ್ತಿರಲಿಲ್ಲ.

ಸುದ್ದಿ ಬೀದಿಗೆ ಹೋದದ್ದೇ ತಡ, ಔಷಧಿಗಳು ಬರತೊಡಗಿದವು. ಮೊದಲು ಬಂದವನು ಪಕ್ಕದ ಅಂಗಡಿಯ ಕ್ಷೌರಿಕ. ಪ್ಲಾಸ್ಟಿಕ್ ಚೀಲಗಳಿಗೆ ನೀರು ತುಂಬಿ ಬಾಗಿಲಿಗೆ ಸಾಲಾಗಿ ನೇತುಹಾಕಿದ.

"ಅಕ್ಕ, ನೊಣ ಈ ನೀರಲ್ಲಿ ತನ್ನ ಮುಖ ನೋಡ್ಕೊಳ್ಳುತ್ತೆ. ದೊಡ್ಡದಾಗಿ ಕಾಣುತ್ತೆ. ಹೆದರಿ ಓಡಿಹೋಗುತ್ತೆ."

"ನಿನ್ನ ಅಂಗಡೀಲಿ ನಾಲ್ಕು ಕನ್ನಡಿ ಇದೆಯಲ್ಲೋ. ಅಲ್ಲಿರೋ ನೊಣ ಯಾಕೆ ಓಡಿಹೋಗಿಲ್ಲ?"

ಅವನು ಸ್ವಲ್ಪ ಯೋಚಿಸಿ, "ಅವು ಅಭ್ಯಾಸ ಆಗಿರೋವು ಅಕ್ಕ" ಅಂದ.

ಆಮೇಲೆ ನಿವೃತ್ತ ಮೇಷ್ಟ್ರು ಬಂದರು. ನಿಂಬೆಹಣ್ಣನ್ನು ಹೋಳು ಮಾಡಿ, ಒಂದೊಂದು ಹೋಳಿಗೆ ಹನ್ನೆರಡು ಲವಂಗ ಚುಚ್ಚಿ, ಗಾಜಿನ ಪೆಟ್ಟಿಗೆಯ ನಾಲ್ಕು ಮೂಲೆಗಿಟ್ಟರು. ಹನ್ನೊಂದಾದರೂ ಆಗದು, ಹದಿಮೂರಾದರೂ ಆಗದು. ಲವಂಗ ನೆಟ್ಟಗಿದೆಯೇ ಎಂದು ನೋಡಲು ದಿನಾ ಬೆಳಿಗ್ಗೆ ಬರುತ್ತಿದ್ದರು. ಬಂದವರಿಗೆ ಬರಿಗೈಯಲ್ಲಿ ಹೋಗಿ ಅನ್ನಲಾಗದೆ ಸೊಸೆ ಒಂದು ಬನ್ನು, ಒಂದು ಲೋಟ ಚಹಾ ಕೊಡುತ್ತಿದ್ದಳು. ಮೂರನೆಯ ದಿನದಿಂದ ಮೇಷ್ಟ್ರು ಸಂಜೆಯೂ ಬಂದು ಲವಂಗ ನೋಡತೊಡಗಿದರು.

ಗಿರಾಕಿಗಳೂ ಹಿಂದೆ ಬೀಳಲಿಲ್ಲ. ಒಬ್ಬರು ಪುದೀನಾ ಕುಂಡ ತಂದಿಟ್ಟರು. ಇನ್ನೊಬ್ಬರು ಕಾಫಿಪುಡಿ ಸುಟ್ಟು ಹೊಗೆ ಹಾಕಿಸಿದರು. ಆ ಹೊಗೆಗೆ ನೊಣಗಳು ಕೆಮ್ಮಲಿಲ್ಲ, ಗಿರಾಕಿಗಳು ಕೆಮ್ಮಿದರು. ಬ್ರೆಡ್ಡಿಗೆಲ್ಲ ಸುಟ್ಟ ವಾಸನೆ ಹತ್ತಿತು. ಬಾಗಿಲಲ್ಲಿ ತೂಗುವ ನೀರಿನ ಚೀಲಕ್ಕೆ ತಲೆ ಬಡಿಸಿಕೊಂಡ ಒಬ್ಬ ಹೆಂಗಸು, "ಇದು ಬೇಕರಿನಾ, ನಾಟಿ ಔಷಧಿ ಅಂಗಡಿನಾ?" ಎಂದು ಕೇಳಿ ಹಾಗೇ ಹಿಂದಿರುಗಿದಳು.

ನೊಣಗಳು ಮಾತ್ರ ಮೂರರಿಂದ ಮೂವತ್ತಾದವು. ನಿಂಬೆಹೋಳಿನ ಮೇಲೆ ಕೂತು ರಸ ಹೀರಿದವು, ಪುದೀನಾ ಎಲೆಯ ಮೇಲೆ ವಿಶ್ರಾಂತಿ ತೆಗೆದುಕೊಂಡವು, ಚೀಲದ ನೀರಲ್ಲಿ ಮುಖ ನೋಡಿಕೊಂಡು ಸಂತೋಷಪಟ್ಟಂತೆ ಕಂಡವು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ಗಂಡ ಅಂದ, "ವ್ಯಾಪಾರ ಇಲ್ದೋರು ನೊಣ ಹೊಡೀತಾ ಕೂತಿದಾರೆ ಅಂತಾರಲ್ಲ, ನಮಗೆ ಆ ಕೆಲಸಾನೂ ಸರಿಯಾಗಿ ಬರ್ತಿಲ್ಲ ನೋಡು."

ಅತ್ತೆ ಒಬ್ಬರೇ ಧೈರ್ಯವಾಗಿದ್ದರು. "ಇವೆಲ್ಲ ಮಕ್ಕಳಾಟ. ಭರಣಿ ಹಣ್ಣಾಗ್ಲಿ" ಎನ್ನುತ್ತ ದಿನಾ ಒಂದು ಹಿಡಿ ಸಿಪ್ಪೆ, ಒಂದು ಹಿಡಿ ಸಕ್ಕರೆ ಹೆಚ್ಚಿಗೆ ಹಾಕಿ ಬರುತ್ತಿದ್ದರು. ನೊಣ ಹೆಚ್ಚಾದಷ್ಟೂ ಔಷಧಿ ಗಟ್ಟಿಯಾಗಬೇಕಲ್ಲ.

ಶುಕ್ರವಾರಕ್ಕೆ ನಾಲ್ಕು ದಿನ ಉಳಿದಿರುವಾಗ, ಸೋಮವಾರ ಬೆಳಿಗ್ಗೆ, ಸೊಸೆ ಮೈದಾ ಚೀಲ ಎಳೆಯಲು ಉಗ್ರಾಣಕ್ಕೆ ಹೋದಳು. ಚೀಲ ಸರಿಸಿದ್ದೇ ಜುಂಯ್ ಎಂದು ಒಂದು ಮೋಡವೇ ಮುಖಕ್ಕೆ ಬಡಿಯಿತು. ಭರಣಿ ಬುಳುಬುಳು ಅನ್ನುತ್ತಿತ್ತು. ಬಾಯಿಗೆ ಕಟ್ಟಿದ ಬಟ್ಟೆಯ ಅಂಚಿನಲ್ಲಿ ನೊಣಗಳು ಮದುವೆಮನೆಯ ಬಾಗಿಲಲ್ಲಿನ ನೆಂಟರಂತೆ ಒಳಗೆ ಹೊರಗೆ ಓಡಾಡುತ್ತಿದ್ದವು. ಸೊಸೆ ಬಟ್ಟೆ ಎತ್ತಿ ನೋಡಿದಳು. ಒಳಗೆ ಬೆಳ್ಳಗೆ ಏನೋ ಮಿಸುಕಾಡುತ್ತಿತ್ತು. ಮತ್ತೆ ಬಟ್ಟೆ ಮುಚ್ಚಿ, ಅಲ್ಲೇ ಚೀಲದ ಮೇಲೆ ಕೂತಳು.

ಬೀದಿಯ ನೊಣಗಳ ತವರುಮನೆ ತನ್ನ ಉಗ್ರಾಣದಲ್ಲೇ ಇತ್ತು.

ಎತ್ತಿ ಚೆಲ್ಲಿಬಿಡುವುದು ಐದು ನಿಮಿಷದ ಕೆಲಸ. ಆದರೆ ಹೊರಗೆ ಅತ್ತೆ ಕ್ಷೌರಿಕನಿಗೆ ಭರಣಿಯ ವಿದ್ಯೆ ಹೇಳಿಕೊಡುವುದು ಕೇಳಿಸುತ್ತಿತ್ತು. ಆ ದನಿಯಲ್ಲಿ ಇಪ್ಪತ್ತು ಜನರ ಅಡುಗೆಮನೆಯ ಗತ್ತು ಮರಳಿ ಬಂದಿತ್ತು. ನಿಮ್ಮ ಔಷಧಿಯೇ ರೋಗ ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಹೇಳಿದರೆ ಅತ್ತೆ ಜಗಳವಾಡುವವರಲ್ಲ. ಸುಮ್ಮನೆ ಹೋಗಿ ಆ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಆಮೇಲೆ ಏಳುವುದಿಲ್ಲ.

ಮಧ್ಯಾಹ್ನ ಊಟದ ತಟ್ಟೆ ಮುಂದಿಟ್ಟು ಸೊಸೆ ಮೆಲ್ಲಗೆ ಶುರುಮಾಡಿದಳು. "ಅತ್ತೆ, ನೊಣ ಹುಟ್ಟೋದು ಬೀದಿ ಕೊನೇ ಕಸದ ತೊಟ್ಟೀಲಿ ಅಲ್ವಾ?"

"ಮತ್ತೆ ಇನ್ನೆಲ್ಲಿ?"

"ಹಾಗಾದ್ರೆ ಭರಣಿ ಅಲ್ಲೇ ಇದ್ರೆ ಬುಡಕ್ಕೇ ಔಷಧಿ ಬಿದ್ದ ಹಾಗಾಗುತ್ತೆ. ಇಲ್ಲಿ ಚೀಲದ ಹಿಂದೆ ಬಚ್ಚಿಟ್ಟು ಏನು ಬಂತು? ಬೀದಿಗೆಲ್ಲ ಉಪಕಾರ ಆಗ್ಲಿ."

ಅತ್ತೆ ತುತ್ತು ಕೈಯಲ್ಲೇ ಹಿಡಿದು ಸೊಸೆಯನ್ನು ದೀರ್ಘವಾಗಿ ನೋಡಿದರು. "ನೀನು ಇಷ್ಟು ಜಾಣೆ ಅಂತ ನಂಗೆ ಗೊತ್ತಿರ್ಲಿಲ್ಲ" ಅಂದರು.

ಮಂಗಳವಾರ ಭರಣಿಯ ಮೆರವಣಿಗೆ ಹೊರಟಿತು. ಮುಂದೆ ಕೋಲೂರಿಕೊಂಡು ಅತ್ತೆ, ಹಿಂದೆ ಉಸಿರು ಬಿಗಿಹಿಡಿದು ಭರಣಿ ಹೊತ್ತ ಕ್ಷೌರಿಕ, ಅವನ ಹಿಂದೆ ಕೈಕಟ್ಟಿಕೊಂಡ ಮೇಷ್ಟ್ರು, ಅವರೆಲ್ಲರ ತಲೆಯ ಮೇಲೆ ನೊಣಗಳು. ತೊಟ್ಟಿಯ ಹತ್ತಿರ ಚೆಲ್ಲಿಬಿಡೋಣ ಎಂದು ಸೊಸೆ ಅಂದದ್ದನ್ನು ಅತ್ತೆ ಒಪ್ಪಲಿಲ್ಲ. "ಇನ್ನೂ ಹಣ್ಣಾಗಿಲ್ಲ. ನೆಲಕ್ಕೆ ಹೋದ್ರೆ ಶಕ್ತಿಯೆಲ್ಲ ಹಾಳು." ನೆರಳು ಹುಡುಕಿ, ಒಂದು ಕಟ್ಟಡದ ಹಿಂಗೋಡೆಯ ಕಿಟಕಿಯ ಕೆಳಗೆ ಇಡಿಸಿದರು. ಅದು ಯಾರ ಕಿಟಕಿ ಎಂದು ಯಾರೂ ನೋಡಲಿಲ್ಲ. ಕಟ್ಟಡದ ಮುಂಬಾಗಿಲು ಬೇರೆ ಬೀದಿಯಲ್ಲಿತ್ತು.

ಆ ದಿನ, ಮಾರನೆಯ ದಿನ, ಸೊಸೆ ಉಗ್ರಾಣವನ್ನು ಬಿಸಿನೀರಿಂದ ಮೂರು ಸಲ ತೊಳೆದಳು. ಚೀಲಗಳನ್ನು ಬಿಸಿಲಿಗೆ ಹಾಕಿದಳು. ನಿಂಬೆಹೋಳು, ಪುದೀನಾ, ನೀರಿನ ಚೀಲ ಎಲ್ಲವನ್ನೂ, "ಸುಣ್ಣ ಹೊಡೆಸ್ಬೇಕು" ಎಂಬ ನೆಪದಲ್ಲಿ ತೆಗೆದಳು. ಗುರುವಾರ ಸಂಜೆಗೆ ಬೇಕರಿಯಲ್ಲಿ ಬ್ರೆಡ್ಡಿನ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಶುಕ್ರವಾರ ತಪಾಸಣೆ ಸಾಹೇಬರು ಬಂದದ್ದು ಮುಖದ ಮುಂದೆ ಕೈಬೀಸುತ್ತ. ಗಾಜಿನ ಪೆಟ್ಟಿಗೆ ನೋಡಿದರು, ಒಲೆಕೋಣೆ ನೋಡಿದರು, ಉಗ್ರಾಣದಲ್ಲಿ ಬಗ್ಗಿ ನೋಡಿದರು. ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆಯುವಾಗ, ಬಿಸ್ಕತ್ತಿನ ಗಾಜಿನ ಮೇಲೆ ಒಂದು ನೊಣ ಬಂದು ಕೂತಿತು.

ಸಾಹೇಬರು ನೊಣವನ್ನು ನೋಡಿದರು. ನೊಣ ಮುಂಗಾಲು ಉಜ್ಜಿಕೊಂಡಿತು. ಸೊಸೆಗೆ ಹನ್ನೊಂದು ವರ್ಷದ ಒಲೆ ಆರಿದಂತೆ ಅನ್ನಿಸಿತು.

"ಅದು ನಿಮ್ದಲ್ಲ" ಅಂದರು ಸಾಹೇಬರು, ದನಿ ತಗ್ಗಿಸಿ. "ನನ್ನ ಜೊತೆ ಬಂದಿರೋದು. ಕಚೇರೀಲಿ ಮೂರು ದಿನದಿಂದ ಕೂರೋಕಾಗ್ತಿಲ್ಲ. ಊಟದ ಡಬ್ಬಿ ತೆಗೆಯೋ ಹಾಗಿಲ್ಲ. ಫೈಲು ತೆಗೆದ್ರೆ ಫೈಲಲ್ಲಿ. ನೀವೇನು ಮಾಡಿದ್ರಿ ಹೇಳಿ."

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. ಭರಣಿಯ ಕತೆಯನ್ನು ತವರಿನ ಅಜ್ಜಿಯಿಂದ ಹಿಡಿದು ತೊಟ್ಟಿಯ ಪಕ್ಕದ ಕಿಟಕಿಯವರೆಗೂ ಒಂದನ್ನೂ ಬಿಡದೆ ಹೇಳಿದರು.

"ಹಸಿರು ಕಿಟಕಿನಾ?" ಎಂದು ಕೇಳಿದರು ಸಾಹೇಬರು.

"ಹೌದು. ಹಸಿರೇ."

"ಅದು ನನ್ನ ಕೋಣೆ ಕಿಟಕಿ."

ಸೊಸೆ ಕಣ್ಣು ಮುಚ್ಚಿದಳು. ಎಲ್ಲ ಮುಗಿಯಿತು ಅಂದುಕೊಂಡಳು. ಆದರೆ ಸಾಹೇಬರು ಗಲ್ಲ ತುರಿಸಿಕೊಳ್ಳುತ್ತ ಅಂದರು, "ಹಾಗಾದ್ರೆ ಬೀದಿ ನೊಣಾನೆಲ್ಲ ಅದು ಅಲ್ಲಿಗೆ ಎಳ್ಕೊಂಡಿದೆ ಅನ್ನಿ. ಬಲವಾದ ಔಷಧಿ."

"ಹಣ್ಣಾಗೋವರೆಗೂ ಎಳೆಯುತ್ತೆ, ಹಣ್ಣಾದ ಮೇಲೆ ಓಡಿಸುತ್ತೆ" ಅಂದರು ಅತ್ತೆ. "ಇನ್ನು ಹದಿನೈದೇ ದಿನ. ಎಲ್ಲಾದ್ರೂ ನಾಯಿ ಉರುಳಿಸೀತು, ಜೋಪಾನ."

"ಸಾರ್" ಅಂದಳು ಸೊಸೆ, ತಡೆಯಲಾರದೆ. "ಅದನ್ನ ಚೆಲ್ಲಿಬಿಡೋದೇ ಒಳ್ಳೇದು ಅನ್ಸುತ್ತೆ. ನಿಮಗೆ ಯಾಕೆ ತೊಂದರೆ."

"ಛೇ ಛೇ. ಇಪ್ಪತ್ತೈದು ದಿನದ ಶ್ರಮ ಅದು. ನೀವು ಈಗಿನವರು, ನಿಮಗೆ ಇದರ ಬೆಲೆ ಗೊತ್ತಾಗಲ್ಲ" ಎಂದು ಸಾಹೇಬರು ಅವಳನ್ನೇ ಗದರಿಸಿ, ಪುಸ್ತಕದಲ್ಲಿ 'ನೊಣ ಇಲ್ಲ' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿ ಹೋದರು. ಸಂಜೆಯೊಳಗೆ ಭರಣಿಯನ್ನು ಕಚೇರಿಯ ಒಳಗೇ ತರಿಸಿ ಕಪಾಟಿನ ಪಕ್ಕ ಇಡಿಸಿದರಂತೆ.

ಆಮೇಲಿನ ಹದಿನೈದು ದಿನ ಕಚೇರಿ ಹೇಗೆ ನಡೆಯಿತೋ ಅಲ್ಲಿದ್ದವರಿಗೇ ಗೊತ್ತು. ನಲವತ್ತನೆಯ ದಿನದ ಹೊತ್ತಿಗೆ ಹವೆ ಬದಲಾಯಿತು. ಚಳಿಗಾಳಿ ಬೀಸಿತು. ಬೀದಿಯಲ್ಲಿ, ತೊಟ್ಟಿಯಲ್ಲಿ, ಕಚೇರಿಯಲ್ಲಿ, ಕ್ಷೌರಿಕನ ಕನ್ನಡಿಯ ಮೇಲೆ, ಎಲ್ಲೂ ನೊಣ ಉಳಿಯಲಿಲ್ಲ. ಚಳಿಯ ಹೆಸರನ್ನು ಯಾರೂ ಎತ್ತಲಿಲ್ಲ.

ತಿಂಗಳು ಕಳೆದ ಮೇಲೆ ಆರೋಗ್ಯ ಕಚೇರಿಯ ಮೊಹರು ಹಾಕಿದ ಒಂದು ಸುತ್ತೋಲೆ ಬೇಕರಿಗೆ ಬಂತು. ಗಂಡ ಒಲೆಯ ಬೆಳಕಲ್ಲಿ ಓದಿದ. ಆಹಾರ ಮಾರುವ ಪ್ರತಿಯೊಂದು ಅಂಗಡಿಯೂ ಉಗ್ರಾಣದಲ್ಲಿ ಒಂದು ಸಿಪ್ಪೆ ಭರಣಿಯನ್ನು ಕಡ್ಡಾಯವಾಗಿ ಇಡತಕ್ಕದ್ದು. ಭರಣಿ ಇಲ್ಲದಿದ್ದಲ್ಲಿ ಲೈಸೆನ್ಸ್ ರದ್ದಾಗುವುದು.

"ನಿನ್ನ ಜಾಣತನ ಬೀದಿ ಸುತ್ತಿ ಮನೆಗೇ ಬಂತು ನೋಡೇ" ಎಂದು ಅವನು ನಕ್ಕ. ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಈ ಸಲ ಸೊಸೆಯೇ ತುಂಬಿಟ್ಟ ಹೊಸ ಭರಣಿ ಮತ್ತೆ ಅದೇ ಗೋಡೆಗೆ ಒರಗಿ ಕೂತಿತು. ಒಂದು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಅತ್ತೆ ಕೋಲೂರಿಕೊಂಡು ಉಗ್ರಾಣಕ್ಕೆ ಬಂದರು. ಬಟ್ಟೆಯ ಗಂಟು ಬಿಚ್ಚಿ ಬಗ್ಗಿ ನೋಡಿದರು. ಸೊಸೆ ಬಾಗಿಲಲ್ಲೇ ನಿಂತಳು.

"ಇದಕ್ಕೆ ಸಕ್ಕರೆ ಹಾಕಿಲ್ಲ" ಅಂದರು ಅತ್ತೆ.

"ಹಾಕಿಲ್ಲ ಅತ್ತೆ."

"ಸಿಪ್ಪೇನೂ ಇವತ್ತಿಂದೇ."

"ಹೂಂ. ದಿನಾ ಬೆಳಿಗ್ಗೆ ತೊಳೆದು ಬದಲಾಯಿಸ್ತೀನಿ."

ಅತ್ತೆ ಒಂದು ಸಿಪ್ಪೆ ಎತ್ತಿ ಮೂಸಿ ನೋಡಿ ಒಳಗೆ ಹಾಕಿದರು. ಮತ್ತೆ ಬಟ್ಟೆ ಕಟ್ಟಿ, ಗಂಟು ಬಿಗಿದು, ನೆಟ್ಟಗಾದರು.

"ನಮ್ಮಜ್ಜಿ ಭರಣೀನ ಎಲ್ಲಿ ಇಡ್ತಿದ್ರು ಅಂತ ಮೊನ್ನೆ ನೆನಪಾಯ್ತು ಕಣೆ."

"ಎಲ್ಲಿ ಅತ್ತೆ?"

"ಪಕ್ಕದ ಮನೆಯವರ ಅಡುಗೆಮನೆ ಕಿಟಕಿ ಕೆಳಗೆ. ಅವರಿಗೂ ನಮಗೂ ಮಾತಿರ್ಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಅತ್ತೆ. ನಗುತ್ತಲೇ ಕಣ್ಣೊರೆಸಿಕೊಂಡು, ಒಲೆಕೋಣೆಯ ಕಡೆ ಹೆಜ್ಜೆ ಹಾಕುತ್ತ, "ಆ ಬಿಸ್ಕತ್ತಿನ ಅಚ್ಚು ಇಲ್ಲಿ ಕೊಡು. ಒಂದು ತಟ್ಟೆ ನಾನೂ ಒತ್ತಿಕೊಡ್ತೀನಿ" ಅಂದರು.

ನೀವು ಕೂತ್ಕೊಳ್ಳಿ ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅಚ್ಚನ್ನು ಸೆರಗಿನಲ್ಲಿ ಒರೆಸಿ, ಅತ್ತೆಯ ಕೈಗಿಟ್ಟಳು.